ಕರ್ಪೂರದ ಪಕ್ಕ

ರಕ್ಷಿತಾಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಬಂದ ಜ್ವರ ವಾರದೊಳಗೆ ಬಿಟ್ಟು ಹೋಯಿತು, ಹೋಗುವಾಗ ಅದನ್ನೂ ತೆಗೆದುಕೊಂಡು ಹೋಯಿತು. ಮೂಗು ಮುಖದ ಮೇಲೇ ಇತ್ತು, ಉಸಿರಾಡುತ್ತಿತ್ತು, ಮೂಗುಬೊಟ್ಟು ಹೊತ್ತುಕೊಂಡಿತ್ತು. ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಒಗ್ಗರಣೆ ಸೀದರೆ ಹೊಗೆ ನೋಡಿ ತಿಳಿಯಬೇಕು. ಹಾಲು ಕೆಟ್ಟರೆ ಒಡೆದ ಮೇಲೆ ತಿಳಿಯಬೇಕು. ಚಾಮರಾಜಪೇಟೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಬಂದ್ರೂ ಬರಬಹುದು, ಬರದೇನೂ ಇರಬಹುದು" ಅಂದಿದ್ದರು. ಅಷ್ಟು ಅವಳಿಗೂ ಗೊತ್ತಿತ್ತು.

ಬ್ಯಾಂಕಿನಲ್ಲೋ ಶಾಲೆಯಲ್ಲೋ ಇದ್ದವಳಾಗಿದ್ದರೆ ಇದೊಂದು ಸಣ್ಣ ತೊಂದರೆ. ರಕ್ಷಿತಾ ಬಳೇಪೇಟೆಯಲ್ಲಿ ಟೀ ಪುಡಿ ಬೆರೆಸುವವಳು.

ಅಂಗಡಿ ಅಪ್ಪ ಮರಿಯಣ್ಣನದು. ಮಾಗಡಿ ಕಡೆಯ ಹಳ್ಳಿಯಿಂದ ಬಂದವನು, ಮೊದಲು ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡು ಹೋಟೆಲಿಂದ ಹೋಟೆಲಿಗೆ ಟೀ ಪುಡಿ ಹಾಕುತ್ತಿದ್ದ. ಕಾಫಿ ಕುಡಿಯುವ ಊರಲ್ಲಿ ಟೀ ಮಾರಲು ಹೊರಟವನಿಗೆ ತಲೆ ಕೆಟ್ಟಿದೆ ಅಂದವರಿದ್ದರು. ಆಗ ಬಸವನಗುಡಿಯ ಮನೆಗಳಲ್ಲಿ ಟೀ ಕಾಸಿದರೆ ಯಾರಿಗೋ ನೆಗಡಿಯಾಗಿದೆ ಎಂದು ಅರ್ಥ. ಮರಿಯಣ್ಣ ಮನೆಗಳ ಕಡೆ ತಿರುಗಿಯೂ ನೋಡಲಿಲ್ಲ. ತರಗುಪೇಟೆಯಲ್ಲಿ ಮೂಟೆ ಹೊರುವವರು, ಆಟೋದವರು, ಗಾರೆ ಕೆಲಸದವರು ಏನು ಕುಡಿಯುತ್ತಾರೆ ಎಂಬುದನ್ನು ಕಂಡಿದ್ದ. ಕಾಫಿಗೆ ಪುರುಸೊತ್ತು ಬೇಕು, ಟೀಗೆ ನಿಲ್ಲಲು ಜಾಗ ಇದ್ದರೆ ಸಾಕು ಅನ್ನುವುದು ಅವನ ಸಿದ್ಧಾಂತ. ಆ ಸಿದ್ಧಾಂತದ ಮೇಲೆ ಅಂಗಡಿ, ಹಿಂದೊಂದು ಗೋಡೌನು, ಮಾಗಡಿ ರಸ್ತೆಯಲ್ಲೊಂದು ಮನೆ ಎದ್ದವು.

ಅವನ ಮೂಗನ್ನು ಮಾತ್ರ ನಶ್ಯ ತಿಂದು ಹಾಕಿತ್ತು. ಹಾಗಾಗಿ ರುಚಿ ನೋಡುವ ಮೇಜಿನ ಹಿಂದೆ ಮಗಳನ್ನು ಕೂರಿಸಿದ. ಮಗ ಅಭಿನಂದನ್‌ನನ್ನೂ ಕೂರಿಸಿ ನೋಡಿದ್ದುಂಟು. ಅವನು ಸಾಲಾಗಿ ಇಟ್ಟ ಬಟ್ಟಲುಗಳನ್ನೆಲ್ಲ ಹೀರಿ, "ಎಲ್ಲಾ ಸೂಪರ್ ಅಪ್ಪಾಜಿ" ಅಂದ. ಕಾಲೇಜು ಇನ್ನೂ ಮುಗಿಸಿರದ ರಕ್ಷಿತಾ ಅದೇ ಸಾಲಿಗೆ ಬಗ್ಗಿ, ಮೂರನೆಯದು ಹಳೇ ಸರಕು, ಐದನೆಯದಕ್ಕೆ ಹೊಗೆ ಹಿಡಿದಿದೆ ಅಂದಳು. ಹೆಣ್ಣು ಹುಡುಗಿಯನ್ನು ಪೇಟೆಯಲ್ಲಿ ಕೂರಿಸುತ್ತಾನೆ ಎಂದು ನೆಂಟರು ಆಡಿಕೊಂಡರು. ಅಪ್ಪ ಕೇಳಲಿಲ್ಲ. ವರ್ಷಗಳು ಕಳೆದ ಮೇಲೆ ಪೇಟೆಯಲ್ಲಿ ಅವಳಿಗೆ 'ಮರಿಯಣ್ಣನ ಮೂಗು' ಎಂದೇ ಹೆಸರಾಯಿತು. ಹೋಟೆಲಿನವರು ಹೊಸ ಪುಡಿ ಕೊಳ್ಳುವ ಮೊದಲು, "ಅಮ್ಮಾವ್ರು ಮೂಸಿದಾರಾ?" ಎಂದು ಕೇಳುತ್ತಿದ್ದರು.

ಜ್ವರದ ನಂತರ ಅವಳು ನಾಲಿಗೆಯಿಂದ ಕೆಲಸ ನಡೆಸಿದಳು. ಕಹಿ, ಒಗರು ನಾಲಿಗೆಗೆ ಸಿಗುತ್ತಿದ್ದವು. ಬಣ್ಣ ಕಣ್ಣಿಗೆ ಕಾಣುತ್ತಿತ್ತು. ಎಲೆ ಎಷ್ಟು ಒಣಗಿದೆ ಎಂಬುದನ್ನು ಬೆರಳು ಹೇಳುತ್ತಿತ್ತು. ಹೊಸ ತೋಟದ ಸರಕು ತರಿಸುವುದನ್ನು ನಿಲ್ಲಿಸಿ, ಗೊತ್ತಿದ್ದ ತೋಟಗಳದ್ದನ್ನೇ ಗೊತ್ತಿದ್ದ ಅಳತೆಯಲ್ಲಿ ಬೆರೆಸಿದಳು. ಕಣ್ಣು ಕಾಣದ ಮೇಷ್ಟ್ರು ಪಾಠವನ್ನು ಬಾಯಿಪಾಠದಿಂದ ಒಪ್ಪಿಸಿದ ಹಾಗೆ. ಮೂಸುವ ಸಮಯದಲ್ಲಿ ಮಾತ್ರ ಮೊದಲಿನ ಹಾಗೇ ಬಗ್ಗುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು, ಒಂದು ಕ್ಷಣ ಬಿಟ್ಟು ತಲೆಯಾಡಿಸುತ್ತಿದ್ದಳು. ಯಾರಿಗೂ ಅನುಮಾನ ಬರಲಿಲ್ಲ.

ಹೇಳಬಹುದಾಗಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅಭಿನಂದನ್ ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದ: ಬೆರೆಸುವ ತಲೆನೋವು ಯಾಕೆ, ಕಂಪನಿಯವರು ಬೆರೆಸಿದ್ದನ್ನೇ ತಂದು ಪ್ಯಾಕೆಟ್ ಮಾಡಿ ಮಾರೋಣ. ಅಕ್ಕನ ಮೂಗು ಇದೆ ಎಂಬ ಒಂದೇ ಕಾರಣಕ್ಕೆ ಅಪ್ಪ ಒಪ್ಪಿರಲಿಲ್ಲ. ಮೂಗು ಹೋಯಿತು ಅಂದ ದಿನ ಮೇಜು ಹೋಗುತ್ತದೆ. ಆ ಮೇಜಿನ ಹಿಂದಿನ ಕುರ್ಚಿ ಬಿಟ್ಟರೆ ತನ್ನದು ಅನ್ನುವ ಜಾಗ ಅವಳಿಗೆ ಇನ್ನೊಂದಿರಲಿಲ್ಲ. ಮನೆ ಅಪ್ಪನದು, ನಾಳೆ ತಮ್ಮನದು. ಕುರ್ಚಿ ಅವಳದು.

ಅಭಿನಂದನ್ ಸುಮ್ಮನೆ ಕೂರುವವನಲ್ಲ. ಮಲ್ಲೇಶ್ವರದಲ್ಲಿ ಒಂದು ಮಳಿಗೆ ನೋಡಿದ್ದ. ದೇಶ ದೇಶದ ಟೀಯನ್ನು ಸಣ್ಣ ಸಣ್ಣ ಡಬ್ಬಗಳಲ್ಲಿ ಮಾರುವ ಅಂಗಡಿ, ಕೂತು ಕುಡಿಯಲು ನಾಲ್ಕು ಮೇಜು. ಜನ ಬರುತ್ತಾರೋ ಇಲ್ಲವೋ ಎಂದು ನೋಡಲು ಮೊದಲು ಬಸವನಗುಡಿಯ ಒಂದು ಹಿರಿಯ ನಾಗರಿಕರ ಸಂಘದ ಸಭಾಂಗಣದಲ್ಲಿ 'ಜಗತ್ತಿನ ಚಹಾ' ಅಂತ ಭಾನುವಾರದ ಕಾರ್ಯಕ್ರಮ ಗೊತ್ತು ಮಾಡಿದ. ಪೋಸ್ಟರಿನಲ್ಲಿ ಅಕ್ಕನ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ: ಬಳೇಪೇಟೆಯ ಮೂಗು.

"ಇದೇನೋ ಇದು? ನನ್ನ ಕೇಳಿದ್ಯಾ?" ಎಂದಳು ರಕ್ಷಿತಾ.

"ಬ್ರ್ಯಾಂಡಿಂಗ್ ಅಕ್ಕ. ಈಗ ಎಲ್ರಿಗೂ ಸ್ಟೋರಿ ಬೇಕು. ನಿನ್ ಮೂಗೇ ನಮ್ ಸ್ಟೋರಿ."

"ಮೂಗಿಗೆ ಏನಾದ್ರೂ ಆದ್ರೆ?"

"ಇನ್ಶೂರೆನ್ಸ್ ಮಾಡ್ಸಣ ಬಿಡು" ಎಂದು ನಕ್ಕ.

ಒಂದೊಂದು ದೇಶದ ಟೀಯ ಮುಂದೆ ಇಡಲು ಒಂದೊಂದು ಚೀಟಿ ಬರೆದುಕೊಡು ಎಂದ. ರಕ್ಷಿತಾ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಕೂತು ಬರೆದಳು. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೊಂಡು ಓದುವ ಅಭ್ಯಾಸ ಅವಳಿಗೆ ಮೊದಲಿನಿಂದ ಇತ್ತು. ಟೀ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದಳು. ಟಿಬೆಟ್ಟಿನವರು ಅದಕ್ಕೆ ಬೆಣ್ಣೆ, ಉಪ್ಪು ಹಾಕಿ ಕಡೆಯುತ್ತಾರೆ. ಮೊರಾಕೊದಲ್ಲಿ ಪುದೀನ, ಸಕ್ಕರೆ. ಜಪಾನಿನವರು ಹಸಿರು ಪುಡಿಯನ್ನು ಬಿದಿರಿನ ಕುಂಚದಲ್ಲಿ ನೊರೆ ಬರುವಂತೆ ಕಲಕಿ, ಬಟ್ಟಲನ್ನು ತಿರುಗಿಸಿ, ದೇವರ ಕೆಲಸದಷ್ಟು ನಿಧಾನವಾಗಿ ಕುಡಿಯುತ್ತಾರೆ. ಚೀನಾದವರು ಸಂಜೆಯ ಮಲ್ಲಿಗೆ ಮೊಗ್ಗನ್ನು ಎಲೆಯ ಜೊತೆ ಹರಡಿ ಬಿಡುತ್ತಾರೆ. ಮೊಗ್ಗು ಬಿರಿಯುತ್ತದೆ, ಎಲೆ ಅದರ ಪರಿಮಳವನ್ನು ಹೀರುತ್ತದೆ, ಬೆಳಿಗ್ಗೆ ಹೂವನ್ನು ಆಯ್ದು ಎಸೆಯುತ್ತಾರೆ. ಇಂಗ್ಲಿಷರ ಚೀಟಿಯಲ್ಲಿ, 'ಇದಕ್ಕಾಗಿ ಚೀನಾಕ್ಕೆ ಅಫೀಮು ಮಾರಿದರು, ಅಸ್ಸಾಮಿಗೆ ಕೂಲಿಗಳನ್ನು ಸಾಗಿಸಿದರು, ಆಮೇಲೆ ಹಾಲು ಬೆರೆಸಿ ಸಭ್ಯರಾಗಿ ಕುಡಿದರು' ಎಂದು ಬರೆದಳು.

"ಗುರುವೇ! ಟೀ ಕುಡಿಯಕ್ಕೆ ಬಂದೋರಿಗೆ ಅಫೀಮು ಯಾಕಕ್ಕ?" ಎಂದು ಅಭಿನಂದನ್ ಆ ಸಾಲು ಹೊಡೆದು ಹಾಕಿ, 'ರಾಜಮನೆತನದ ಮೆಚ್ಚಿನ ಪೇಯ' ಎಂದು ಬರೆದ.

ಚೀಟಿ ಬರೆಯುವಾಗ ರಕ್ಷಿತಾಳಿಗೆ ಒಂದು ಯೋಚನೆ ಬಂತು. ಟೀ ಎಲೆಗೆ ತನ್ನದು ಅನ್ನುವ ಹಟ ಕಡಿಮೆ. ಎಲ್ಲಿ ಇಟ್ಟರೆ ಅಲ್ಲಿಯದಾಗುತ್ತದೆ. ಅಷ್ಟು ದೇಶಗಳಲ್ಲಿ ಅದು ಹೇಗೆ ಬದುಕಿತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ. ಅದೇ ಗುಣಕ್ಕೆ ಹೆದರಿಯೇ ಅಪ್ಪ ಗೋಡೌನಿಗೆ ಒಂದು ಕಟ್ಟಳೆ ಮಾಡಿದ್ದ: ಒಳಗೆ ಬಾಳೆಹಣ್ಣು ತರುವಂತಿಲ್ಲ, ಸೋಪು ಇಡುವಂತಿಲ್ಲ, ಪ್ಯಾಕಿಂಗಿಗೆ ಬರುವ ಹೆಂಗಸರು ಮಲ್ಲಿಗೆ ಮುಡಿದು ಬರುವಂತಿಲ್ಲ. ಚೀನಾದಲ್ಲಿ ಮಲ್ಲಿಗೆ ಸೇರಿದರೆ ಬೆಲೆ ಏರುತ್ತದೆ, ಬಳೇಪೇಟೆಯಲ್ಲಿ ಸೇರಿದರೆ ಸರಕು ಕೆಡುತ್ತದೆ. ಕೆಟ್ಟಿತೋ ಕೂಡಿತೋ ಅನ್ನುವುದು ಎಲೆಗೆ ಗೊತ್ತಿಲ್ಲ, ಕುಡಿಯುವವರು ನಿರ್ಧರಿಸುತ್ತಾರೆ.

ಆ ವಾರವೇ ಮಳೆ ಹಿಡಿಯಿತು. ಪಕ್ಕದ ಪೂಜಾ ಸಾಮಾನಿನ ಅಂಗಡಿಯ ವೃಷಭೇಂದ್ರಪ್ಪನವರ ಗೋಡೌನಿನ ಶೀಟು ಸೋರತೊಡಗಿತು. ಮುಂದೆ ಗೌರಿ ಗಣೇಶ ಹಬ್ಬ. ತರಿಸಿದ ಸರಕೆಲ್ಲ ನೆನೆಯುತ್ತದೆ. ಅವರು ಮರಿಯಣ್ಣನ ಮುಂದೆ ಬಂದು ನಿಂತರು.

"ಮರಿಯಣ್ಣ, ಒಂದು ಹತ್ತು ಪೆಟ್ಟಿಗೆ. ಸೋಮವಾರಕ್ಕೆ ಖಾಲಿ ಮಾಡ್ಕೊಡ್ತೀನಿ. ದೀಪ, ಗಂಟೆ, ಗೆಜ್ಜೆವಸ್ತ್ರ. ಸುಳ್ಳು ಹೇಳಲ್ಲಪ್ಪ, ಅದರಲ್ಲಿ ಕರ್ಪೂರದ್ದೂ ಇದೆ. ಡಬಲ್ ಪ್ಯಾಕಿಂಗ್, ಟೇಪು ಸುತ್ತಿದೆ. ನಿನ್ ಕಟ್ಟಳೆ ನಂಗೊತ್ತು. ಬೇಡ ಅಂದ್ರೆ ಬೇಡ."

ಮರಿಯಣ್ಣ ಪೇಟೆಗೆ ಬಂದ ಹೊಸದರಲ್ಲಿ ಸೈಕಲ್ಲು ನಿಲ್ಲಿಸಲು ಜಾಗ ಕೊಟ್ಟಿದ್ದವರು ಇದೇ ವೃಷಭೇಂದ್ರಪ್ಪ. ಮುಖದ ಮೇಲೆ ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಇಂಥ ಸಂಕಟದಲ್ಲಿ ಅವನು ಯಾವಾಗಲೂ ಮಾಡುವುದನ್ನೇ ಮಾಡಿದ. ಮಗಳ ಕಡೆ ತಿರುಗಿದ.

"ನಮ್ ರಕ್ಷಿತಾ ಮೂಸ್ಲಿ. ಅವ್ಳು ಹೂಂ ಅಂದ್ರೆ ಮಡಗಿ. ಊಹೂಂ ಅಂದ್ರೆ ಕ್ವಾಪ ಮಾಡ್ಕಬ್ಯಾಡಿ."

ಕರ್ಪೂರದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು. ಅಪ್ಪ, ವೃಷಭೇಂದ್ರಪ್ಪ, ಪುಡಿ ಕೊಳ್ಳಲು ಬಂದಿದ್ದ ಒಬ್ಬ ಹೋಟೆಲಿನವ, ಮೂವರೂ ಅವಳ ಮುಖ ನೋಡಿದರು. ರಕ್ಷಿತಾ ಬಗ್ಗಿದಳು, ಕಣ್ಣು ಮುಚ್ಚಿದಳು. ರಟ್ಟಿನ ಒರಟು ಮೂಗಿನ ತುದಿಗೆ ತಾಗಿತು. ಬೇರೇನೂ ಇಲ್ಲ.

ವಾಸನೆ ಬರುತ್ತಿದೆ ಅನ್ನಬಹುದು. ನಿಜಕ್ಕೂ ಬರದೇ ಇದ್ದರೆ? ಹೋಟೆಲಿನವನ ಮೂಗು ನೆಟ್ಟಗಿದೆ. 'ಎಲ್ಲಮ್ಮ, ನಂಗೇನೂ ಬರ್ತಿಲ್ವಲ್ಲ' ಅಂದರೆ ಅಲ್ಲಿಗೆ ಮುಗಿಯಿತು. ಬರುತ್ತಿಲ್ಲ ಅಂದರೆ? ನಿಜಕ್ಕೂ ಬರುತ್ತಿದ್ದರೆ ಇವರ ಮುಖದಲ್ಲಿ ಏನಾದರೂ ಕಾಣಬೇಕಿತ್ತಲ್ಲ. ಪೂಜಾ ಸಾಮಾನಿನ ಅಂಗಡಿಯ ಪಕ್ಕದಲ್ಲಿ ನಿಂತವರಿಗೆ ಕರ್ಪೂರದ ವಾಸನೆ ಪೆಟ್ಟಿಗೆಯಿಂದ ಬಂತೋ ಅಂಗಡಿಯಿಂದ ಬಂತೋ ಎಂದು ಹೇಗೆ ತಿಳಿಯಬೇಕು ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ಏನೇ ಆಗಲಿ ಬೇಡ, ಕಟ್ಟಳೆ ಕಟ್ಟಳೆಯೇ ಎಂದು ಹೇಳುವ ಮೂರನೆಯ ದಾರಿಯೂ ಇತ್ತು. ಅದು ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ.

"ಏನಿಲ್ಲ. ಇಟ್ಕೊಳ್ಳಿ ಬಿಡಿ" ಎಂದಳು.

"ನೋಡಿದ್ರಾ!" ಎಂದು ವೃಷಭೇಂದ್ರಪ್ಪ ಕೈಮುಗಿದರು. "ನಿನ್ ಮೂಗೇ ಹೂಂ ಅಂದ್ಮೇಲೆ ನಂಗೂ ಧೈರ್ಯ ತಾಯಿ."

ಪೆಟ್ಟಿಗೆಗಳು ಗೋಡೌನಿನ ಒಳಗೋಡೆಗೆ, ನೀಲಗಿರಿ ತೋಟದ ಟೀ ಎಲೆಯ ಚೀಲಗಳಿಗೆ ಒತ್ತಿ ಕೂತವು. ಹೊರಗೆ ಮಳೆ, ಕಿಟಕಿ ಮುಚ್ಚಿತ್ತು. ರಕ್ಷಿತಾ ಪ್ರತಿ ದಿನ ಒಳಗೆ ಹೋಗಿ ಬಂದಳು. ಅವಳ ಪಾಲಿಗೆ ಎಲ್ಲ ಮೊದಲಿನ ಹಾಗೇ ಇತ್ತು. ಪ್ಯಾಕಿಂಗಿನ ಹೆಂಗಸರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಕಾರ್ಯಕ್ರಮದ ಓಡಾಟದಲ್ಲಿದ್ದ ಅಭಿನಂದನ್ ಗೋಡೌನಿನ ಕಡೆ ಬರಲೇ ಇಲ್ಲ.

ಭಾನುವಾರ ಸಂಘದ ಸಭಾಂಗಣ ತುಂಬಿತು. ಕಾಫಿಯ ಜನ ಟೀ ಕುಡಿಯಲು ಇಷ್ಟು ಮಂದಿ ಬಂದದ್ದು ಅಭಿನಂದನ್‌ಗೇ ಆಶ್ಚರ್ಯ. ಮರಿಯಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಅವನ ಪಕ್ಕ ಸಂಘದ ಕಾರ್ಯದರ್ಶಿ ಶೀನಣ್ಣ, ಆ ಪಕ್ಕ ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದ ಕಾವೇರಮ್ಮ.

"ನಮ್ಮನೇಲಿ ಟೀ ಪುಡಿ ತಂದಿದ್ದೇ ಇಲ್ಲ ಕಣ್ರೀ" ಎಂದರು ಕಾವೇರಮ್ಮ, ಹೆಮ್ಮೆಯಿಂದ. "ಇವತ್ತು ಧರ್ಮಭ್ರಷ್ಟೆ ಆಗೋಣ ಅಂತ ಬಂದಿದೀನಿ."

ರಕ್ಷಿತಾ ಒಂದೊಂದೇ ದೇಶದ ಟೀ ಕೊಟ್ಟು, ಚೀಟಿಯಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳಿದಳು. ಡಬ್ಬಗಳಲ್ಲಿ ಸೀಲಾಗಿ ಬಂದಿದ್ದ ವಿದೇಶದ ಟೀಗಳು ಚೆನ್ನಾಗಿಯೇ ಇದ್ದವು. ಮಲ್ಲಿಗೆ ಟೀಗೆ, "ಹೂವಾಡಗಿತ್ತಿ ಬುಟ್ಟಿ ತೊಳೆದ ನೀರು" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಬೆಣ್ಣೆ ಟೀಗೆ ಶೀನಣ್ಣ, "ಇದಕ್ಕೆ ಎರಡು ಮೆಣಸು ಕುಟ್ಟಿ ಹಾಕಿದ್ರೆ ಸಾರಾಗುತ್ತೆ" ಎಂದರು. ಸಭಾಂಗಣದಲ್ಲಿ ಗೆಲುವು ತುಂಬಿತು. ಕೊನೆಯದು ಅಂಗಡಿಯ ಸ್ವಂತ ನೀಲಗಿರಿ ಟೀ. ಹಾಲಿಲ್ಲದೆ, ಸಕ್ಕರೆ ಇಲ್ಲದೆ ಕೊಟ್ಟಳು. ತಾನು ಮೊದಲು ಒಂದು ಚಮಚ ಹೀರಿ ನೋಡಿದಳು. ಒಗರು ಸರಿಯಾಗಿತ್ತು. ಹಿಂದೆಯೇ ನಾಲಿಗೆಯ ಮೇಲೆ ಏನೋ ತಣ್ಣಗೆ ಹರಿದ ಹಾಗಾಯಿತು. ಈ ಕಡೆಯ ನೀರೇ ಬೇರೆ ಇರಬೇಕು ಅಂದುಕೊಂಡಳು.

ಕಾವೇರಮ್ಮ ಲೋಟವನ್ನು ಮುಖದ ಹತ್ತಿರ ತಂದವರು ಹಾಗೇ ತಡೆದರು. ಒಂದು ಗುಟುಕು ಕುಡಿದರು.

"ಏನಮ್ಮ ಇದು? ತೀರ್ಥ ಕೊಟ್ಟಿದೀಯಲ್ಲ! ಅಂಗೈ ಒಡ್ಡಬೇಕಿತ್ತು, ಲೋಟ ಹಿಡಿದ್ಬಿಟ್ಟೆ."

"ಹೌದಲ್ಲ, ಕರ್ಪೂರ!" ಎಂದರು ಹಿಂದಿನಿಂದ ಒಬ್ಬರು.

ನಾಲಿಗೆಯ ಮೇಲೆ ತಣ್ಣಗೆ ಹರಿದದ್ದು ಏನೆಂದು ರಕ್ಷಿತಾಳಿಗೆ ಈಗ ತಿಳಿಯಿತು. ಅವಳು ಬಾಯಿ ತೆರೆಯುವ ಮೊದಲೇ ಅಭಿನಂದನ್ ಮೈಕು ಎತ್ತಿಕೊಂಡಿದ್ದ. ವ್ಯಾಪಾರದಲ್ಲಿ ಅವನ ಬುದ್ಧಿ ಚುರುಕು.

"ಇದೇ ನಮ್ಮ ಸರ್‌ಪ್ರೈಸ್! ಚೀನಾದೋರಿಗೆ ಮಲ್ಲಿಗೆ, ಮೊರಾಕೊದೋರಿಗೆ ಪುದೀನ. ನಮ್ ಬೆಂಗ್ಳೂರಿಗೆ ಏನು? ಕರ್ಪೂರ! ಅಕ್ಕಾನೇ ಕಂಡುಹಿಡಿದಿರೋ ಬ್ಲೆಂಡ್."

ಜನ ಚಪ್ಪಾಳೆ ಹೊಡೆದರು. ಮರಿಯಣ್ಣ ಅತ್ತಿತ್ತ ನೋಡಿದ. ಅವನ ಮೂಗಿಗೂ ಏನೂ ತಿಳಿದಿರಲಿಲ್ಲ, ಮಗಳನ್ನು ಹೊಗಳುತ್ತಿದ್ದಾರೆ ಎಂದಷ್ಟೇ ತಿಳಿದು ಅವನೂ ಚಪ್ಪಾಳೆ ತಟ್ಟಿದ. "ಮಲ್ಲೇಶ್ವರದಲ್ಲಿ ಯಾವಾಗ ಓಪನಿಂಗು?" "ಕಾಲು ಕೇಜಿ ಸಿಗುತ್ತಾ?" ಎಂದು ಪ್ರಶ್ನೆಗಳು ಬಂದವು.

ರಕ್ಷಿತಾ ನಿಂತೇ ಇದ್ದಳು. ಸುಮ್ಮನಿದ್ದರೆ ಸಾಕು. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ, ಕುರ್ಚಿ ಉಳಿಯುತ್ತದೆ, ಮೇಲೆ ಹೊಸದೊಂದನ್ನು ಕಂಡುಹಿಡಿದವಳು ಎಂಬ ಹೆಸರು ಬೇರೆ. ಮಾಡಬೇಕಾದ್ದು ಏನೂ ಇಲ್ಲ.

ಶೀನಣ್ಣ ಎದ್ದು ಹತ್ತಿರ ಬಂದರು. ಲೋಟದಲ್ಲಿ ಇನ್ನೂ ಅರ್ಧ ಇತ್ತು.

"ತುಂಬ ಚೆನ್ನಾಗಿದೆಯಮ್ಮ. ಒಂದು ವಿಷಯ ಕೇಳ್ಬೇಕು. ಇದು ಪಚ್ಚಕರ್ಪೂರ ತಾನೇ, ಪ್ರಸಾದಕ್ಕೆ ಹಾಕೋದು? ಆರತಿಗೆ ಹಚ್ಚೋದು ಹೊಟ್ಟೆಗೆ ಹೋಗ್ಬಾರದು ಅಂತಾರೆ. ಮನೇಲಿ ಮೊಮ್ಮಗಳು ಅಕ್ಷಯಾ ಇದಾಳೆ, ನಾನು ಏನು ಕುಡಿದ್ರೂ ಅವಳಿಗೊಂದು ಗುಟುಕು ಬೇಕು. ನೀವು ಹೂಂ ಅಂದ್ರೆ ತಗೊಂಡು ಹೋಗ್ತೀನಿ."

ಅಭಿನಂದನ್ ಪಕ್ಕದಿಂದ ಅವಳ ಮೊಣಕೈ ಒತ್ತಿದ. "ಹೂಂ ಅನ್ನು" ಎಂದು ಹಲ್ಲುಗಳ ನಡುವೆ ಹೇಳಿದ.

"ಅಲ್ಲ" ಎಂದಳು ರಕ್ಷಿತಾ. "ಅದು ಆರತಿ ಕರ್ಪೂರ. ಕುಡೀಬೇಡಿ. ಯಾರೂ ಕುಡೀಬೇಡಿ, ಲೋಟ ಕೆಳಗಿಡಿ."

ಸಭಾಂಗಣದಲ್ಲಿ ಗದ್ದಲ ಎದ್ದಿತು. ಗಾಬರಿ ಆಗುವಂಥದ್ದೇನಿಲ್ಲ, ಒಂದೆರಡು ಗುಟುಕಿಗೆ ಏನೂ ಆಗುವುದಿಲ್ಲ, ಎಲೆ ಪಕ್ಕದ ಪೆಟ್ಟಿಗೆಯ ವಾಸನೆ ಹಿಡಿದಿದೆ ಅಷ್ಟೆ ಎಂದು ಅವಳು ಗಟ್ಟಿಯಾಗಿ ಹೇಳಿದಳು. ಕಾವೇರಮ್ಮ ಮಾತ್ರ ಎದ್ದು ನಿಂತು, ಕ್ಲಾಸಿನಲ್ಲಿ ಕೇಳಿದ ಹಾಗೆ ಕೇಳಿದರು:

"ಪೋಸ್ಟರಲ್ಲಿ ಮೂಗು ಅಂತ ಹಾಕ್ಕೊಂಡಿದೀಯಲ್ಲಮ್ಮ. ನಮಗೆ ಕೊಡೋಕ್ ಮುಂಚೆ ಒಂದ್ಸಲ ಮೂಸಿ ನೋಡ್ಲಿಲ್ವಾ?"

"ಮೂಸಿದೆ. ನಂಗೆ ವಾಸನೆ ತಿಳಿಯಲ್ಲಮ್ಮ. ಹೋದ ವರ್ಷ ಜ್ವರ ಬಂದಾಗಿಂದ."

ಅಪ್ಪನ ಕಡೆ ಅವಳು ನೋಡಲಿಲ್ಲ. ಲೋಟಗಳನ್ನು ಒಂದೊಂದಾಗಿ ಬಕೆಟ್ಟಿಗೆ ಸುರಿದಳು. ಬಾಯಿ ಸರಿಮಾಡಿಕೊಳ್ಳಲು ಸಂಘದವರು ಎದುರಿನ ಹೋಟೆಲಿನಿಂದ ಕಾಫಿ ತರಿಸಿದರು.

ಬಳೇಪೇಟೆಗೆ ವಾಪಸಾದ ಮರಿಯಣ್ಣ ಶರ್ಟನ್ನೂ ಬದಲಿಸಲಿಲ್ಲ. ಗೋಡೌನಿನ ಬೀಗ ತೆಗೆದು ಒಳಗೆ ಹೋದ. ಒಂದು ಚೀಲ ಬಿಚ್ಚಿ, ಹಿಡಿ ಎಲೆ ತೆಗೆದು ಮೂಗಿಗೆ ಒತ್ತಿದ. ಕೆಳಗೆ ಹಾಕಿದ. ಇನ್ನೊಂದು ಚೀಲ ಬಿಚ್ಚಿದ.

"ನಂಗೇನೂ ಗೊತ್ತಾಯ್ತಿಲ್ಲ" ಎಂದ. ಚೀಲದ ಬಾಯಿ ಕಟ್ಟಿ, "ಅವತ್ತೇ ಯಾಕೆ ಯೋಳ್ಳಿಲ್ಲ?" ಎಂದು ಕೇಳಿದ.

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಮರಿಯಣ್ಣ ಸುಳ್ಳು ಹೇಳುವ ಮನುಷ್ಯನಲ್ಲ. "ಕುರ್ಚಿಯಿಂದ ಎಬ್ಬಿಸ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

"ಈಗ್ಲೂ ಎಬ್ಬಿಸ್ತೀನಿ ಕಣವ್ವ."

"ಗೊತ್ತು."

ಅವನು ನಶ್ಯದ ಡಬ್ಬಿ ತೆಗೆದವನು, ಏರಿಸದೆ ಮತ್ತೆ ಜೇಬಿಗೆ ಹಾಕಿಕೊಂಡ. ಬೈಯುತ್ತಾನೆ ಅಂದುಕೊಂಡಿದ್ದಳು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ವಾದ ಮಾಡಲು ಏನಾದರೂ ಸಿಗುತ್ತಿತ್ತು.

ಸೋಮವಾರ ಬೆಳಿಗ್ಗೆ ಫೋನುಗಳು ಶುರುವಾದವು. ಶುಕ್ರವಾರ ಪುಡಿ ಹೋಗಿದ್ದ ಹೋಟೆಲಿನವನೊಬ್ಬ, "ಏನ್ ಮರಿಯಣ್ಣ, ಪುಡಿಗೆ ನುಸಿಗುಳಿಗೆ ಹಾಕಿದ್ಯಾ? ಗಿರಾಕಿಗಳು ಗ್ಲಾಸ್ ವಾಪಸ್ ಕೊಡ್ತಾವ್ರೆ" ಎಂದು ಕೂಗಿದ. ಸುದ್ದಿ ಕೇಳಿ ವೃಷಭೇಂದ್ರಪ್ಪನವರು ಓಡಿ ಬಂದು ಪೆಟ್ಟಿಗೆಗಳನ್ನು ತಾವೇ ಹೊತ್ತು ಹೊರಗಿಟ್ಟರು. ನಷ್ಟ ಕಟ್ಟಿಕೊಡುತ್ತೇನೆ ಅಂದರು. ಮರಿಯಣ್ಣ, "ನೀವು ಕೇಳ್ಬುಟ್ಟು ಮಡಗಿದ್ದು. ತಪ್ಪು ನಮ್ದು" ಎಂದು ಕಳಿಸಿದ. ಅವರು ರಕ್ಷಿತಾಳ ಮುಖ ನೋಡದೆ ಹೋದರು.

ಕೆಟ್ಟ ಪುಡಿಗೂ ಪೇಟೆಯಲ್ಲಿ ಗಿರಾಕಿ ಉಂಟು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಬಂದು ಎಲ್ಲ ಚೀಲ ಅರ್ಧಕ್ಕೆ ಕೊಡಿ ಅಂದ. ಶುಂಠಿ, ಏಲಕ್ಕಿ ಜಾಸ್ತಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಬಸ್‌ಸ್ಟ್ಯಾಂಡ್ ಕಡೆ ಓಡುತ್ತದೆ ಎಂಬುದು ಅವನ ಲೆಕ್ಕ. ಅಭಿನಂದನ್ ಅಪ್ಪನ ಮುಖ ನೋಡಿದ. ರಕ್ಷಿತಾ ಹಿತ್ತಲಿನ ನಲ್ಲಿಗೆ ಪೈಪು ಹಾಕಿ ಎಳೆದುಕೊಂಡು ಬಂದು, ಯಾರನ್ನೂ ಕೇಳದೆ ಚೀಲಗಳ ಮೇಲೆ ನೀರು ಬಿಟ್ಟಳು. ಬಂದವನು, "ಅಯ್ಯೋ, ತಲೆ ಕೆಟ್ಟೈತಾ?" ಎಂದು ಬೈದುಕೊಂಡು ಹೋದ. ನೆನೆದ ಎಲೆ ಬಣ್ಣ ಬಿಟ್ಟು, ಗೋಡೌನಿನ ಮೋರಿಯಲ್ಲಿ ಕೆಂಪಗೆ ಹರಿಯಿತು. ಒಳ್ಳೆಯ ಬಣ್ಣ. ತೋಟದವರು ಸರಿಯಾದ ಸರಕನ್ನೇ ಕಳಿಸಿದ್ದರು.

ದೊಡ್ಡಪ್ಪನ ಮಗ ದೊಡ್ಡಬೈರಪ್ಪ ಟೆಂಪೋ ತಂದು ಅದನ್ನೆಲ್ಲ ಊರಿನ ಗೊಬ್ಬರದ ಗುಂಡಿಗೆ ಸಾಗಿಸಿದ. ಮಲ್ಲೇಶ್ವರದ ಮಳಿಗೆಯ ಮಾತು ನಿಂತಿತು. ತಿಂಗಳು ತುಂಬುವ ಮೊದಲು ಅಂಗಡಿಗೆ ಕಂಪನಿಯ ಬೆರೆಸಿದ ಪುಡಿ ಬಂದು ಬೀಳತೊಡಗಿತು. ರುಚಿ ನೋಡುವ ಮೇಜಿನ ಮೇಲೆ ಅಭಿನಂದನ್ ಪ್ಯಾಕೆಟ್ ಸೀಲು ಮಾಡುವ ಯಂತ್ರ ಇಟ್ಟ. ರಕ್ಷಿತಾ ಬಿಲ್ ಬರೆಯುವ ಕೌಂಟರಿಗೆ ಬಂದಳು. ಹಳೇ ಗಿರಾಕಿ ಒಬ್ಬ ಅಭ್ಯಾಸಬಲದಿಂದ, "ಅಮ್ಮಾವ್ರು ಮೂಸಿದಾರಾ?" ಎಂದು ಕೇಳಿದ. "ಇಲ್ಲ, ಕಂಪನಿ ಮಾಲು" ಎಂದು ಹೇಳಿ ಚಿಲ್ಲರೆ ಕೊಟ್ಟಳು.

ಹೋದದ್ದು ಇಷ್ಟು: ಎಲೆ ಮತ್ತು ಪುಡಿ ಸೇರಿ ಹದಿನೇಳು ಚೀಲ, ಕೈಬಿಟ್ಟ ಹೋಟೆಲು ನಾಲ್ಕು, ಶುರುವಾಗದ ಅಂಗಡಿ ಒಂದು, ಅವಳ ಕೆಲಸ ಒಂದು.